ಒಂದಂಗುಲ ಬಾಕಿ

ನನ್ನದೊಂದು ಪ್ಯಾಂಟು ಮೂರೂವರೆ ವರ್ಷದಿಂದ ಟೈಲರ್ ದಸ್ತಗೀರ್ ಸಾಹೇಬರ ಅಂಗಡಿಯಲ್ಲಿದೆ. ಮೊಮ್ಮಗನ ನಾಮಕರಣಕ್ಕೆ ಹಾಕಿಕೊಂಡು ಹೋಗೋಣವೆಂದು ಬಟ್ಟೆ ಕೊಟ್ಟಿದ್ದೆ. ನಾಮಕರಣಕ್ಕೆ ಹಳೇ ಪ್ಯಾಂಟಿನಲ್ಲೇ ಹೋಗಿ ಬಂದೆ. ಮೊಮ್ಮಗ ಈಗ ಎಲ್‌ಕೆಜಿ. ಅವನ ಚಡ್ಡಿಯ ಅಳತೆ ಇಷ್ಟರಲ್ಲಿ ನಾಲ್ಕು ಸಲ ಬದಲಾಗಿದೆಯಂತೆ. ನನ್ನ ಪ್ಯಾಂಟು ಮಾತ್ರ ಹುಳಿಯಾರು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಮೊಳೆಗೆ ನೇತುಬಿದ್ದು ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ನೋಡುತ್ತಿದೆ.

"ಆಯ್ತಾ ಸಾಹೇಬ್ರೇ?"

"ಹುಕ್ಕೊಂದು ಬಾಕಿ ಮೇಷ್ಟ್ರೇ. ನಾಳೆ ಬನ್ನಿ. ಬಂದಿದ್ದೀರ, ಕೂತ್ಕೊಳ್ಳಿ, ಟೀ ಹೇಳ್ತೀನಿ."

ಸಂಜೆ ನಾಲ್ಕೂವರೆಗೆ ಈ ಮಾತುಕತೆ ನಡೆಯದಿದ್ದರೆ ಗಲ್ಲಿಯವರಿಗೆ ಅಂದು ಭಾನುವಾರವೆಂದು ಗೊತ್ತಾಗುತ್ತಿತ್ತು. ನಾನು ಶಂಭುಲಿಂಗಯ್ಯ. ಇದೇ ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ ನಿವೃತ್ತನಾದವನು. ನನ್ನ ಹೆಂಡತಿ ಮೀನಾ ಮಗಳ ಬಾಣಂತನಕ್ಕೆಂದು ತುಮಕೂರಿಗೆ ಹೋದವಳು, ಮಗು ನಡೆಯಲಿ ಎಂದಳು, ಆಮೇಲೆ ಮಾತಾಡಲಿ ಎಂದಳು, ಈಗ ಸ್ಕೂಲಿಗೆ ಹೊಂದಿಕೊಳ್ಳಲಿ ಎನ್ನುತ್ತಿದ್ದಾಳೆ. ಹುಡುಗ ಡಿಗ್ರಿ ಮುಗಿಸುವ ಹೊತ್ತಿಗೆ ಬರಬಹುದು ಎಂದು ನನ್ನ ಅಂದಾಜು. ನನ್ನ ಅಂದಾಜುಗಳ ಯೋಗ್ಯತೆ ಏನೆಂದು ಮುಂದೆ ನಿಮಗೇ ತಿಳಿಯುತ್ತದೆ.

ಸಾಹೇಬರ ಕಥೆಯೂ ಹೆಚ್ಚು ಬೇರೆಯಲ್ಲ, ಇನ್ನೊಂದು ಸುತ್ತು ಬಿಗಿ, ಅಷ್ಟೆ. ಅಂಗಡಿಯಲ್ಲಿ ಮೊದಲು ಎರಡು ಸೀಟು. ಮಿಷನ್ನಿನ ಮುಂದೆ ಇವರು, ಪಕ್ಕದ ಸ್ಟೂಲಿನ ಮೇಲೆ ಹೆಂಡತಿ ಫಾತಿಮಾ ಬೀ. ಕತ್ತರಿ, ಹೊಲಿಗೆ ಇವರದು. ಕಾಜ, ಗುಂಡಿ, ಹುಕ್ಕು ಆಕೆಯದು. ಮೂರೂವರೆ ವರ್ಷದ ಹಿಂದೆ ಆಕೆ ತೀರಿಕೊಂಡರು. ಮಗಳು ನೌಶೀನ್ ಶಿವಮೊಗ್ಗದಿಂದ ಶುಕ್ರವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಊರೆಲ್ಲ ರೆಡಿಮೇಡ್ ಹಾಕುತ್ತದೆ. ದಿನಕ್ಕೆ ಇಬ್ಬರಾದರೂ ಬಾಗಿಲಲ್ಲಿ ನಿಂತು "ಇನ್ನೂ ಆಗಿಲ್ವೇನ್ರೀ" ಎಂದು ಬೈದು ಹೋದರೆ ಸಾಹೇಬರಿಗೆ ಆವತ್ತು ಊಟ ಸೇರುತ್ತಿತ್ತು. ನಾನಲ್ಲದೆ ಯಾರೂ ಬಾರದ ದಿನ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ಬಿಟ್ಟೂ ಬಿಟ್ಟೂ ಆ ಮಿಷನ್ನು ಯಾರ ಬಟ್ಟೆ ಇಟ್ಟರೂ ಮೊದಲು ಒಂದು ಎಣ್ಣೆಯ ಚುಕ್ಕೆ ಇಟ್ಟೇ ಮುಂದೆ ಹೋಗುತ್ತಿತ್ತು.

ಇಂಥ ಒಂದು ಎಣ್ಣೆಯ ದಿನ ಚಿತ್ತೇಶ್ ಬಂದ. ಊರಾಚೆ ಗೊಲ್ಲರಹಟ್ಟಿಯವನು, ನನ್ನ ಹಳೇ ವಿದ್ಯಾರ್ಥಿ. ಕುರಿ ಬಿಟ್ಟು ಎಳನೀರಿಗೆ ಇಳಿದಿದ್ದಾನೆ. ಎಳನೀರನ್ನು ಬಾಟಲಿಗೆ ತುಂಬಿ ತಣ್ಣಗಿಟ್ಟು ದೂರದೂರಿಗೆ ಕಳಿಸುವ ಯೋಜನೆ. ಅದಕ್ಕೆಂದು ತೋಟದ ಶೆಡ್ಡಿನಲ್ಲಿ ಕೋಲ್ಡ್ ರೂಮು ಕಟ್ಟುತ್ತಿದ್ದ. ಎರಡು ತಗಡಿನ ನಡುವೆ ಫೋಮು ತುಂಬಿದ ಪ್ಯಾನಲ್‌ಗಳು ಬಂದಿದ್ದವು. ಅವನ್ನು ಒಂದಕ್ಕೊಂದು ಜೋಡಿಸಿ, ಸಂದಿಗೆ ಸೀಲೆಂಟ್ ಎಂಬ ಅಂಟು ಒತ್ತಿದರೆ ಒಳಗಿನ ತಂಪು ಹೊರಗೆ ಹೋಗುವುದಿಲ್ಲ.

"ದಸ್ತಗೀರಣ್ಣ, ಟೇಪ್ ಕೊಡಣ್ಣ ಒಂದ್ಗಳಿಗೆ. ಫ್ರಿಜ್ ಮೆಕ್ಯಾನಿಕ್ ಇಸ್ರಾರ್ ಸೋಮವಾರ ಬತ್ತಾನಂತೆ. ಅಷ್ಟ್ರಲ್ಲಿ ಜಾಯಿಂಟೆಲ್ಲ ಅಳೆದು ಸೀಲೆಂಟ್ ತರಿಸಿಟ್ಟಿರು ಅಂದ. ಒಂದು ಟ್ಯೂಬಿಗೆ ಇಪ್ಪತ್ತೈದು ಅಡಿ ಬತ್ತದಂತೆ. ಎಷ್ಟು ಟ್ಯೂಬು ಬೇಕು ಅಂತ ಲೆಕ್ಕ ಹಾಕ್ಬೇಕು."

ಸಾಹೇಬರು ಕೊರಳಲ್ಲಿದ್ದ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಟೇಪ್ ಕೊಟ್ರೆ ಅಳತೆ ಬಂದ್ಬಿಡುತ್ತಾ? ಅದೇನಪ್ಪ ಅದು, ಇನ್ಸುಲೇಶನ್ನು? ರೂಮಿಗೆ ಕೋಟು. ಅಷ್ಟೇ ತಾನೆ? ನಾನು ಮೂವತ್ತು ವರ್ಷದಿಂದ ಕೋಟು ಹೊಲೀತಿರೋನು. ನಡಿ, ನಾನೇ ಬತ್ತೀನಿ."

ಸಾಹೇಬರು ಮೂವತ್ತು ವರ್ಷದಲ್ಲಿ ಹೊಲಿದ ಕೋಟುಗಳು ಒಟ್ಟು ಎರಡು. ಎರಡನೆಯದು ನನ್ನದು, ನಿವೃತ್ತಿ ಸಮಾರಂಭಕ್ಕೆ. ನಮಸ್ಕಾರ ಮಾಡಲು ಕೈ ಎತ್ತಿದರೆ ಕಾಲರು ಬಾಯಿಗೆ ಬರುತ್ತಿತ್ತು. ಆದರೆ ಅಂಗಡಿಗೆ ಬಾಗಿಲು ಹಾಕಿ, "ಕೆಲಸದ ಮೇಲೆ ಹೋಗಿದ್ದೇನೆ" ಎಂದು ರಟ್ಟಿನ ಮೇಲೆ ಬರೆದು ತಗುಲಿಸುವಾಗ ಅವರ ಮುಖ ನೋಡಬೇಕಿತ್ತು. ಅದನ್ನು ನೋಡಿದ ಮೇಲೆ ಕೋಟಿನ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಲೆಕ್ಕ ಬರೆಯುವುದಕ್ಕೆಂದು ನನ್ನನ್ನೂ ಚಿತ್ತೇಶನ ಬೈಕಿನ ಹಿಂದೆ ಮೂರನೆಯವನಾಗಿ ಹತ್ತಿಸಿಕೊಂಡರು.

ತೋಟದಲ್ಲಿ ಪ್ಯಾನಲ್‌ಗಳನ್ನು ತೆಂಗಿನ ಮರಕ್ಕೊಂದರಂತೆ ಒರಗಿಸಿ ನಿಲ್ಲಿಸಿದ್ದರು. ಸಾಹೇಬರು ಒಂದೊಂದರ ಮುಂದೆಯೂ ಗಿರಾಕಿಯ ಮುಂದೆ ನಿಂತ ಹಾಗೆ ನಿಂತು, ಮೇಲಿಂದ ಕೆಳಗೆ ನೋಡಿ, ಟೇಪು ಹಿಡಿದರು. ಒಂದಕ್ಕಂತೂ ಅಭ್ಯಾಸಬಲದಿಂದ "ನೆಟ್ಟಗೆ ನಿಂತ್ಕೊ" ಎಂದೂ ಹೇಳಿದರು. ಚಿತ್ತೇಶನ ತಾಯಿ ಜುಂಜಮ್ಮ ಕಾಯಿ ಸುಲಿಯುವುದನ್ನು ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಇದೇನ್ ಸಾಬಣ್ಣ, ತಗಡಿಗೆ ಜುಬ್ಬ ಹೊಲಿತೀಯಾ?"

"ಕೋಟು ಕಣಮ್ಮ, ಕೋಟು. ಮೇಷ್ಟ್ರೇ, ಬರ್ಕೊಳ್ಳಿ. ಗೋಡೆ ಪೀಸು ಹನ್ನೆರಡು. ಎತ್ತರ ಎಂಟಡಿ, ಅಗಲ ನಾಲ್ಕಡಿ. ನಾಲ್ಕೂ ಬದಿ ಸುತ್ತಿದ್ರೆ ಇಪ್ಪತ್ನಾಲ್ಕಡಿ. ಚಾವಣಿಗೆ ಮೂರು, ನೆಲಕ್ಕೆ ಮೂರು. ಅವು ಹನ್ನೆರಡಡಿಗೆ ನಾಲ್ಕಡಿ. ಒಂದಕ್ಕೆ ಮೂವತ್ತೆರಡಡಿ."

ನಾನು ಗುಣಿಸಿದೆ. ಇನ್ನೂರ ಎಂಬತ್ತೆಂಟು, ನೂರ ತೊಂಬತ್ತೆರಡು. ಒಟ್ಟು ನಾನೂರ ಎಂಬತ್ತು ಅಡಿ.

"ಮೇಲಿನ ಬಟ್ಟೆಗೆ ಒಂದು ಹೊಲಿಗೆ," ಎಂದು ಸಾಹೇಬರು ಮುಂದುವರಿಸಿದರು. "ಒಳಗಿನ ಲೈನಿಂಗಿಗೆ ಒಂದು. ಮಧ್ಯೆ ತುಂಬೈತಲ್ಲ ಫೋಮು, ಅದು ಕೋಟಿನ ಕ್ಯಾನ್ವಾಸ್ ಇದ್ದಂಗೆ. ಅದಕ್ಕೊಂದು. ಮೂರರಿಂದ ಗುಣಿಸಿ."

ಸಾವಿರದ ನಾನೂರ ನಲವತ್ತು ಬಂತು.

"ಇನ್ನು ಒಳಗೆ ಬಿಡೋ ಮಡಿಕೆ. ನಾಳೆ ರೂಮು ದೊಡ್ಡದು ಮಾಡ್ಬೇಕು ಅಂದ್ರೆ ಬಿಚ್ಚೋಕೆ ಇರ್ಬೇಕಲ್ಲ? ಕಾಲು ಭಾಗ ಮೇಲೆ ಹಾಕಿ."

ಸಾವಿರದ ಎಂಟುನೂರು. ಇಪ್ಪತ್ತೈದರಿಂದ ಭಾಗಿಸಿದರೆ ಎಪ್ಪತ್ತೆರಡು ಟ್ಯೂಬು. ಶೇಷ ಸೊನ್ನೆ. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಭಾಗಾಕಾರ ಕೊಟ್ಟವನು. ನಿಜಜೀವನದ ಲೆಕ್ಕವೊಂದು ಹೀಗೆ ಶೇಷವಿಲ್ಲದೆ ಕೂತದ್ದನ್ನು ಕಂಡೇ ಇರಲಿಲ್ಲ. ಖುಷಿಯಲ್ಲಿ ಕೆಳಗೆ ದೊಡ್ಡದಾಗಿ ರೈಟು ಹಾಕಿ ಸಹಿ ಮಾಡಿದೆ. ಅದನ್ನು ನೋಡಿ ಚಿತ್ತೇಶ್ ತುಮಕೂರಿನ ಒಂದು ಅಂಗಡಿಗೆ ಫೋನು ಹಚ್ಚಿದ. ಬಾಕ್ಸಿಗೆ ಇಪ್ಪತ್ನಾಲ್ಕರಂತೆ ಸರಿಯಾಗಿ ಮೂರು ಬಾಕ್ಸು. ಎಕ್ಸ್‌ಪೈರಿಗೆ ಎರಡೇ ತಿಂಗಳಿರುವ ಮಾಲು, ಕಡಿಮೆಗೆ ಕೊಡ್ತೀನಿ, ಆದರೆ ವಾಪಸ್ ತಗೊಳ್ಳಲ್ಲ ಎಂದನಂತೆ ಅಂಗಡಿಯವನು. "ವಾಪಸ್ ಯಾಕ್ರೀ ಕೊಡೋಣ, ಲೆಕ್ಕ ಹಾಕಿರೋರು ನಮ್ ಮೇಷ್ಟ್ರು" ಎಂದ ಚಿತ್ತೇಶ್.

ಸೋಮವಾರ ಇಸ್ರಾರ್ ಬಂದ. ಶೆಡ್ಡಿನಲ್ಲಿ ಒಂದರ ಮೇಲೊಂದು ಕೂತಿದ್ದ ಮೂರು ಬಾಕ್ಸುಗಳನ್ನು ನೋಡಿ, ಹೊರಗೆ ಹೋಗಿ, ತಾನು ಬಂದದ್ದು ಸರಿಯಾದ ತೋಟಕ್ಕೇ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಒಳಗೆ ಬಂದ.

"ಯಾರ್ ಮಾಡಿದ್ದು ಈ ಲೆಕ್ಕ?"

ಎಲ್ಲರೂ ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು ನೋಡಿದರು. ನಾನು ತೆಂಗಿನ ಗರಿ ನೋಡಿದೆ.

"ಚಾಚಾ, ಎರಡು ಪ್ಯಾನಲ್ ಪಕ್ಕ ಪಕ್ಕ ನಿಂತ್ರೆ ಮಧ್ಯೆ ಎಷ್ಟು ಜಾಯಿಂಟು?"

"ಎರಡು. ಇದಕ್ಕೊಂದು ಅಂಚು, ಅದಕ್ಕೊಂದು ಅಂಚು."

"ಒಂದು ಚಾಚಾ! ಇಬ್ಬರಿಗೂ ಸೇರಿ ಒಂದೇ! ಈ ಫೋಮಿಗೆ ಅಂಟು ಹಾಕು ಅಂತ ಯಾರು ಹೇಳಿದ್ದು? ರೂಮು ದಪ್ಪ ಆಗುತ್ತೆ ಅಂತ ಯಾರು ಹೇಳಿದ್ದು? ಜಾಯಿಂಟು ಇನ್ನೂರ ನಲವತ್ತಡಿ, ಒಳಗೊಂದ್ಸಲ ಹೊರಗೊಂದ್ಸಲ. ಇಪ್ಪತ್ತು ಟ್ಯೂಬು ಸಾಕಿತ್ತು!"

ಚಿತ್ತೇಶ್ ನಿಧಾನವಾಗಿ ನನ್ನ ಕಡೆ ತಿರುಗಿದ. "ಸಾ, ನೀವೂ ನೋಡಿದ್ರಿ."

"ನಾನು ನೋಡಿದ್ದು ಗುಣಾಕಾರ ಕಣಪ್ಪ. ಗುಣಾಕಾರ ಸರಿಯಿದೆ."

ಈ ಮಾತು ನನಗಿಂತ ಮೊದಲೇ ಊರು ತಲುಪಿತು. ಮಾರನೆಯ ದಿನ ಹೋಟೆಲಿನಲ್ಲಿ ಒಂದು ಇಡ್ಲಿ ಕೇಳಿದರೆ ಸಪ್ಲೈಯರ್ ಮೂರು ತಂದಿಟ್ಟ. ಯಾಕಪ್ಪ ಎಂದರೆ, "ಮೇಲಿನ ಬಟ್ಟೆಗೆ ಒಂದು ಸಾ, ಲೈನಿಂಗಿಗೆ ಒಂದು" ಎಂದ. ಅವನೂ ನನ್ನ ವಿದ್ಯಾರ್ಥಿಯೇ. ಗಣಿತದಲ್ಲಿ ಎರಡು ಸಲ ಫೇಲು ಮಾಡಿದ್ದೆ. ಅವನಿಗೆ ಅಂದು ಮನಸ್ಸು ತಣ್ಣಗಾಗಿರಬೇಕು.

ಸಾಹೇಬರು ಮಾತ್ರ ನಾಲ್ಕು ದಿನ ತೋಟ ಬಿಟ್ಟು ಕದಲಲಿಲ್ಲ. ತಪ್ಪಾಯಿತು, ಕೂಲಿ ಬೇಡ, ಕೆಲಸಕ್ಕೆ ಕೈ ಹಾಕುತ್ತೇನೆಂದು ಇಸ್ರಾರನ ಹಿಂದೆ ಬಿದ್ದರು. ಅವನು ಬೇಸತ್ತು ಹಿಂದಿನ ಗೋಡೆಗೆಂದು ಸೀಲೆಂಟ್ ಒತ್ತುವ ಗನ್ನು ಕೈಗೆ ಕೊಟ್ಟ. ಆಮೇಲೆ ಬಾಯಿ ತೆರೆದುಕೊಂಡು ನೋಡಿದ. ಬಟ್ಟೆಯ ಮೇಲೆ ದಾರ ಓಡಿಸಿದ ಕೈ ಅದು. ನೆಲದಿಂದ ಚಾವಣಿವರೆಗೆ ಬಿಳಿ ಗೆರೆ ಒಂದೇ ಉಸಿರಿನಲ್ಲಿ, ಎಲ್ಲೂ ಸೊಟ್ಟಗಾಗದೆ ಹೋಯಿತು. "ಚಾಚಾ, ನಿಮಗೆ ಲೆಕ್ಕ ಬರಲ್ಲ, ಕೈ ಬರುತ್ತೆ" ಎಂದು ಇಸ್ರಾರ್ ಒಪ್ಪಿಕೊಂಡ. ಕೆಲಸ ಮುಗಿದಾಗ ಐವತ್ತೆರಡು ಟ್ಯೂಬು ಉಳಿದವು. "ತಗೊಂಡೋಗಣ್ಣ, ಇದರ ಮುಖ ಇನ್ನೊಂದ್ಸಲ ನಂಗೆ ತೋರಿಸ್ಬ್ಯಾಡ" ಎಂದ ಚಿತ್ತೇಶ್. ಹಳೆಯ ಗನ್ನೊಂದನ್ನು ಇಸ್ರಾರ್ ಬಿಟ್ಟುಹೋದ. ಎಕ್ಸ್‌ಪೈರಿಗೆ ಎರಡು ತಿಂಗಳಿತ್ತು.

ಹೀಗೆ ಹುಳಿಯಾರಿನ ಇತಿಹಾಸದಲ್ಲಿ ಸಂದಿ ಮುಚ್ಚುವ ಯುಗ ಆರಂಭವಾಯಿತು.

ಮೊದಲ ಮನೆ ನನ್ನ ಎದುರುಮನೆ ಭೈರಮ್ಮನದು. ಅವಳ ಕೊಬ್ಬರಿ ಅಟ್ಟಕ್ಕೆ ಅಳಿಲು ನುಗ್ಗುತ್ತಿತ್ತು. ಸಾಹೇಬರು ಹೋಗಿ ಅಟ್ಟದ ಸಂದಿಗಳಿಗೆಲ್ಲ ಅಂಟು ಒತ್ತಿದರು. ಭೈರಮ್ಮ ಕಾಫಿ ಕೊಟ್ಟಳು, ಅಳಿಲಿನ ಪೂರ್ವಾಪರ ಹೇಳಿದಳು, ತೀರಿಹೋದ ಗಂಡನ ಗೊರಕೆಯ ವಿಷಯವನ್ನೂ ಹೇಳಿದಳು. ಒಂದೂವರೆ ಗಂಟೆ. ಆಮೇಲೆ ಅಡ್ಡರಸ್ತೆಯ ದುರ್ಗಯ್ಯನ ಬಚ್ಚಲು, ಅವನ ಪಕ್ಕದ ಮನೆಯ ಕಿಟಕಿ, ಹಿಟ್ಟಿನ ಗಿರಣಿಯ ಶೀಟು, ಯಾರದೋ ನೀರಿನ ತೊಟ್ಟಿ. ಅಂಗಡಿ ಬಾಗಿಲಲ್ಲಿ ಜನ ನಿಂತರು. "ಸಾಹೇಬ್ರೇ, ನಮ್ಮನೆಗೆ ಯಾವಾಗ ಬತ್ತೀರಾ?" ಎಂದು ಕೇಳಿದರು. ಮೂರೂವರೆ ವರ್ಷದಿಂದ ಆ ಮನುಷ್ಯನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಸಾಹೇಬರು ಶರ್ಟಿಗೆ ಇಸ್ತ್ರಿ ಹಾಕಲು ಶುರುಮಾಡಿದರು. ನಾನು ನಾಲ್ಕೂವರೆಗೆ ಹೋದರೆ ರಟ್ಟಿನ ಬೋರ್ಡು ಮಾತ್ರ ಸಿಗುತ್ತಿತ್ತು. ಅದರೊಡನೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ.

ಆದರೆ ಒಂದು ದೂರು ಹುಟ್ಟಿಕೊಂಡಿತು.

"ಮೇಷ್ಟ್ರೇ, ನಿಮ್ ಸ್ನೇಹಿತ್ರು ಎಂಟು ತೂತು ಮುಚ್ಚಿ ಒಂದು ಬುಟ್ಟು ಹೋಗವ್ರೆ ಕಣ್ರೀ," ಎಂದಳು ಭೈರಮ್ಮ. "ಮೊದ್ಲು ಅಳಿಲಿಗೆ ಯಾವುದ್ರಲ್ಲಿ ನುಗ್ಗೋದು ಅಂತ ಯೋಚ್ನೆ ಇತ್ತು. ಈಗ ಸೀದಾ ಬತ್ತದೆ."

ಸಾಹೇಬರು ಹೋಗಿ ಅದನ್ನು ಮುಚ್ಚಿ, ಇನ್ನೊಂದು ಕಾಫಿ ಕುಡಿದು ಬಂದರು. ಮಾರನೆಯ ವಾರ ನೋಡಿದರೆ ಅಡುಗೆಮನೆ ಕಿಟಕಿಯಲ್ಲಿ ಒಂದಂಗುಲ ಬಾಕಿ. ದುರ್ಗಯ್ಯನ ಬಚ್ಚಲಲ್ಲೂ ಒಂದಂಗುಲ, ಗಿರಣಿಯ ಶೀಟಿನಲ್ಲೂ ಒಂದಂಗುಲ. ಗಲ್ಲಿಯ ಮಹಾಸಭೆ ಕೂಡಿ ಇದು ದೃಷ್ಟಿದೋಷವೆಂದು ತೀರ್ಮಾನಿಸಿತು. ಸರ್ಕಾರಿ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ನಡೆದಾಗ ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಸಾಹೇಬರು ಗೋಡೆಯ ಮೇಲಿನ ಚಾರ್ಟನ್ನು ಮೇಲಿಂದ ಕೆಳಗೆ ಸರಾಗವಾಗಿ ಓದಿ, ಕಟ್ಟಕಡೆಗೆ ಅದನ್ನು ಮುದ್ರಿಸಿದ ಪ್ರೆಸ್ಸಿನ ಹೆಸರನ್ನೂ ಓದಿದರು. ಡಾಕ್ಟರು ಎದ್ದು ಹೋಗಿ ಹತ್ತಿರದಿಂದ ನೋಡಿ, ಅಲ್ಲಿ ಹೆಸರಿರುವುದು ತನಗೇ ಗೊತ್ತಿರಲಿಲ್ಲ ಎಂದರು.

ಅಷ್ಟರಲ್ಲಿ ಚಿತ್ತೇಶನ ಕಡೆಯಿಂದ ಬುಲಾವು ಬಂತು. ಕೋಲ್ಡ್ ರೂಮು ನಾಲ್ಕು ಡಿಗ್ರಿಗೆ ಇಳಿಯಬೇಕು, ಆರರಲ್ಲಿ ಕೂತು ಮುಷ್ಕರ ಹೂಡಿದೆ. ಹಿಂದಿನ ಮೂಲೆಯಲ್ಲಿ ನೀರು ಬೆವರುತ್ತಿದೆ. ತೋಟಗಾರಿಕೆ ಇಲಾಖೆಯ ರವೀಂದ್ರ ಎಂಬ ಅಧಿಕಾರಿ ಆವತ್ತೇ ತಪಾಸಣೆಗೆ ಬರುವವರು. ಅವರು ಸರಿಯಿದೆ ಎಂದರೆ ಮಾತ್ರ ಚಿತ್ತೇಶನ ಬಾಟಲಿಗಳು ಲಾರಿ ಹತ್ತುತ್ತವೆ. "ಸೀಲೆಂಟ್ ಹಚ್ಚಿದೋರೆಲ್ಲ ಬರ್ಬೇಕು, ಲೆಕ್ಕ ಹಾಕಿದೋರೂ ಬರ್ಬೇಕು" ಎಂದು ಹೇಳಿಕಳಿಸಿದ್ದ.

ನಾವು ಹೋಗುವ ಹೊತ್ತಿಗೆ ಇಸ್ರಾರ್ ತಂಪಿನ ಮಿಷನ್ನನ್ನೆಲ್ಲ ಪರೀಕ್ಷಿಸಿ ಮುಗಿಸಿದ್ದ. "ಮಿಷನ್ ಚೆನ್ನಾಗಿದೆ. ಎಲ್ಲೋ ಗಾಳಿ ಸೋರ್ತಾ ಇದೆ. ಅಮ್ಮ, ಊದಿನಕಡ್ಡಿ ಇದ್ರೆ ಕೊಡಿ. ಜಾಯಿಂಟ್ ಹತ್ರ ಹಿಡಿದ್ರೆ ಎಲ್ಲಿ ಸೋರ್ತದೋ ಅಲ್ಲಿ ಹೊಗೆ ಎಳ್ಕೊಳ್ಳುತ್ತೆ."

ಜುಂಜಮ್ಮ ಊದಿನಕಡ್ಡಿ ತಂದಳು. ಊದಿನಕಡ್ಡಿಯೊಂದನ್ನೇ ತಂದು ಅವಳಿಗೆ ಅಭ್ಯಾಸವಿಲ್ಲ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿಯನ್ನೂ ಇಟ್ಟುಕೊಂಡು ಬಂದಳು. ನಾವೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಇಸ್ರಾರ್ ಕಡ್ಡಿ ಹಚ್ಚಿ ಗೋಡೆಯುದ್ದಕ್ಕೂ ಬಲಗಡೆಯಿಂದ ಸುತ್ತಲು ಶುರುಮಾಡಿದ. ಅದೇ ಹೊತ್ತಿಗೆ ಅಧಿಕಾರಿ ರವೀಂದ್ರ ಬಾಗಿಲು ತೆರೆದರು. ಹೊಗೆ, ಕುಂಕುಮ, ಪ್ರದಕ್ಷಿಣೆ ಎಲ್ಲ ಕಂಡು ತಟ್ಟನೆ ಹೊರಗೆ ಹೋಗಿ ಶೂ ಬಿಚ್ಚಿಟ್ಟು, ಕಾಲುಚೀಲದಲ್ಲಿ ಒಳಗೆ ಬಂದು, ಕಣ್ಣು ಮುಚ್ಚಿ ಕೈ ಮುಗಿದು ನಿಂತರು.

"ಸಾರ್, ಇದು ಪೂಜೆ ಅಲ್ಲ, ಲೀಕೇಜ್ ಟೆಸ್ಟು," ಎಂದ ಚಿತ್ತೇಶ್ ಮೆಲ್ಲಗೆ.

"ಇರ್ಲಿ ಬಿಡ್ರೀ, ಯಾವುದಾದ್ರೇನು," ಎಂದರು ಅವರು, ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನು ಇಟ್ಟುಕೊಳ್ಳುತ್ತ. ನೆಲ ಅಷ್ಟು ತಣ್ಣಗಿತ್ತು.

ಹೊಗೆ ಮೂರು ಗೋಡೆಯ ಹತ್ತಿರ ನೆಟ್ಟಗೆ ಮೇಲೆ ಹೋಯಿತು. ಹಿಂದಿನ ಗೋಡೆಯಲ್ಲೂ ನೆಟ್ಟಗೆ ಹೋಯಿತು. ಕೆಳಗಿನ ಮೂಲೆಗೆ ಬಂದಾಗ ಮಾತ್ರ ಸುರ್ರನೆ ಬಗ್ಗಿ ಸಂದಿಯೊಳಗೆ ನುಗ್ಗಿತು. ಇಸ್ರಾರ್ ಮಂಡಿಯೂರಿ ಟಾರ್ಚು ಹಾಕಿದ. ಒಂದಂಗುಲ. ಒಳಗೂ ಒಂದಂಗುಲ, ಹೊರಗೂ ಅದಕ್ಕೆ ನೇರವಾಗಿ ಒಂದಂಗುಲ.

"ಚಾಚಾ, ಇಡೀ ಗೋಡೆಗೆ ಸ್ಕೇಲ್ ಇಟ್ಟಂಗೆ ಎಳೆದಿದ್ದೀರ. ಇದೊಂದಿಂಚು ಹೆಂಗೆ ಮರೆತ್ರಿ?"

ಸಾಹೇಬರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಬಾಯಿಂದ ಮಾತಿಗಿಂತ ಮೊದಲು ಹಬೆ ಬಂತು.

"ಮರೆತಿದ್ದಲ್ಲಪ್ಪ. ಬೇಕು ಅಂತ್ಲೇ ಬಿಟ್ಟಿದ್ದು."

"ಯಾಕೆ?"

"ಕೆಲಸ ಪೂರ್ತಿ ಮುಗಿದ್ಮೇಲೆ ಯಾರು ಕರೀತಾರೆ?"

ಸಾಹೇಬರೇ ಮುಂದುವರಿಸಿದರು. "ಫಾತಿಮಾ ಇದ್ದಾಗ ಹಂಗಿರ್ಲಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡ್ತಿದ್ವಿ. ಅವಳು ಹೋದ ವಾರ ಮೇಷ್ಟ್ರ ಪ್ಯಾಂಟು ರೆಡಿ ಇತ್ತು, ಹುಕ್ಕೊಂದು ಅವಳು ಹಾಕ್ಬೇಕಿತ್ತು. ನಂಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಹುಕ್ಕು ಬಾಕಿ ಅಂದೆ. ಮೇಷ್ಟ್ರು ಮಾರನೇ ದಿನ ಬಂದ್ರು. ಕೂತ್ರು. ಅರ್ಧ ಗಂಟೆ ಮಾತಾಡಿದ್ರು. ಅದರ ಮಾರನೇ ದಿನಾನೂ ಬಂದ್ರು. ಆಮೇಲೆ ಎಲ್ಲರ ಬಟ್ಟೇಲೂ ಏನಾದ್ರೂ ಒಂದು ಬಾಕಿ ಇಟ್ಕೊಳ್ಳೋದು ಕಲಿತ್ಕೊಂಡೆ."

ಜುಂಜಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು.

"ಅಯ್ಯೋ ನಿನ್ನ! ಮನುಷ್ಯನ್ನ ಕರೆಯೋಕೆ ತೂತೇ ಬೇಕೇನಪ್ಪ ಸಾಬಣ್ಣ? ಸುಮ್ನೆ ಬರ್ಬಾರ್ದಾ?"

"ಸುಮ್ನೆ ಬಂದ್ರೆ ಎಷ್ಟೊತ್ತು ಕೂರಿಸ್ಕೊತೀರಮ್ಮ?"

ಜುಂಜಮ್ಮ ಬಗ್ಗಿ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸರಿಸಿಟ್ಟಳು. ಊರಿನ ಬಾಯಿ ಎಂದು ಹೆಸರಾದ ಹೆಂಗಸು ಅವಳು. ಮೂಲೆಯಲ್ಲಿ ಫ್ಯಾನು ಗುಂಯ್ ಎನ್ನುತ್ತಿತ್ತು. ನನಗೆ ಆ ರೂಮಿನಲ್ಲಿ ಇದ್ದಕ್ಕಿದ್ದಂತೆ ತುಂಬ ಚಳಿಯಾಯಿತು.

ಕೊನೆಗೆ ರವೀಂದ್ರ ಗಂಟಲು ಸರಿಮಾಡಿಕೊಂಡರು. "ಅಲ್ರೀ, ಇದನ್ನ ನಾನು ರಿಪೋರ್ಟಲ್ಲಿ ಏನಂತ ಬರೀಲಿ?"

ಅದೇ ಸರಿಯಾದ ಹೊತ್ತೆಂದು ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದೆವು. ಸಾಹೇಬರು ಗನ್ನು ತರಿಸಿ, ಒಳಗೊಂದು ಹೊರಗೊಂದು ಎರಡು ಅಂಗುಲ ಒತ್ತಿದರು. ಸಂಜೆಯ ಹೊತ್ತಿಗೆ ಮೀಟರು ಐದಕ್ಕೆ ಬಂತು, ಆಮೇಲೆ ನಾಲ್ಕು. ಚಿತ್ತೇಶ್ ಎಲ್ಲರಿಗೂ ಎಳನೀರು ಕೊಟ್ಟ. ಅಧಿಕಾರಿ ಸಹಿ ಹಾಕಿ, ಶೂ ಹುಡುಕಿಕೊಂಡು ಹೋದರು. ಸಾಹೇಬರು ಬೈಕು ಬೇಡವೆಂದು ಒಬ್ಬರೇ ನಡೆದುಕೊಂಡು ಊರಿಗೆ ಬಂದರು.

ಮರುದಿನದಿಂದ ಅವರಿಗೆ ಪ್ರಾಮಾಣಿಕತೆ ಬಡಿಯಿತು. ಮನೆಮನೆಗೆ ಹೋಗಿ, ಕೂರದೆ, ಕಾಫಿ ಕುಡಿಯದೆ, ಬಿಟ್ಟಿದ್ದ ಅಂಗುಲಗಳನ್ನೆಲ್ಲ ಮುಚ್ಚಿದರು. ಭೈರಮ್ಮನ ಅಳಿಲು ಹೊರಗೇ ಉಳಿಯಿತು. ಆಮೇಲೆ ಅಂಗಡಿಯಲ್ಲಿ ಕೂತು ಮೂರೂವರೆ ವರ್ಷದ ಗುಂಡಿ, ಕಾಜ, ಹೆಮ್ಮಿಂಗುಗಳನ್ನೆಲ್ಲ ಮುಗಿಸಿ, ಇಸ್ತ್ರಿ ಹಾಕಿ, ಹೆಸರು ಬರೆದ ಚೀಟಿ ಚುಚ್ಚಿ ತಂತಿಗೆ ನೇತುಹಾಕಿದರು. ಜನ ಬಂದು ಒಯ್ದರು. "ಕೊನೆಗೂ ಆಯ್ತಲ್ಲ" ಎಂದು ನಕ್ಕರು. ಒಳ್ಳೆಯ ಜನ, ಯಾರೂ ಬೈಯಲಿಲ್ಲ. ಬೈಯದೆ ಹೋದವರು ತಿರುಗಿಯೂ ಬರಲಿಲ್ಲ. ತಂತಿ ಖಾಲಿಯಾಯಿತು.

ನಾನೂ ಒಂದು ವಾರ ಆ ಕಡೆ ಹೋಗಲಿಲ್ಲ. ಹೋದರೆ ಪ್ಯಾಂಟು ಕೊಟ್ಟುಬಿಡುತ್ತಾರೆಂದು ಗೊತ್ತಿತ್ತು. ನಾಲ್ಕೂವರೆಗೆ ಮನೆಯಲ್ಲಿ ಕೂತು ಗೋಡೆ ಗಡಿಯಾರ ನೋಡಿದೆ. ಮೀನಾಗೆ ಫೋನು ಮಾಡಿದರೆ, ಮೊಮ್ಮಗ ಹೋಂವರ್ಕ್ ಮಾಡ್ತಿದಾನೆ, ಆಮೇಲೆ ಮಾಡ್ತೀನಿ ಎಂದಳು. ಆಮೇಲೆ ಮರೆತಳು. ಎಂಟನೆಯ ದಿನ ತಡೆಯದೆ ಎದ್ದು ಹೊರಟೆ.

ಅಂಗಡಿಯಲ್ಲಿ ಎಣ್ಣೆಯ ವಾಸನೆ ಗಮ್ಮೆನ್ನುತ್ತಿತ್ತು. ಸಾಹೇಬರು ಎದ್ದು ನಿಂತು, ಪೇಪರಿನಲ್ಲಿ ಸುತ್ತಿಟ್ಟಿದ್ದ ಪೊಟ್ಟಣವನ್ನು ಎರಡೂ ಕೈಯಿಂದ ಕೊಟ್ಟರು.

"ಹುಕ್ಕು ಹಾಕಿದ್ದೀನಿ ಮೇಷ್ಟ್ರೇ. ಮಾಫ್ ಮಾಡಿ, ತಡವಾಯ್ತು."

ಪೊಟ್ಟಣ ತೆಗೆದುಕೊಂಡೆ. ಹೊರಡಬೇಕಲ್ಲ, ಹೊರಡಲು ಕಾಲು ಬರಲಿಲ್ಲ. "ಒಂದ್ಸಲ ಹಾಕಿ ನೋಡ್ತೀನಿ" ಎಂದು ಪರದೆಯ ಹಿಂದೆ ಹೋದೆ. ಕಾಲು ಹೋಯಿತು, ಮಂಡಿ ಹೋಯಿತು. ಸೊಂಟದ ಹತ್ತಿರ ಬಂದಾಗ ಪ್ಯಾಂಟು ನಿಂತುಬಿಟ್ಟಿತು. ಮೀನಾ ಹೋದ ಮೇಲೆ ಮೂರು ಹೊತ್ತೂ ಹೋಟೆಲಿನ ದೋಸೆ ತಿಂದ ಹೊಟ್ಟೆ ನನ್ನದು. ಹುಕ್ಕು ಒಂದು ಕಡೆ, ಅದರ ಕೊಂಡಿ ಇನ್ನೊಂದು ಕಡೆ. ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ.

ಸಾಹೇಬರು ಕೊರಳಿಂದ ಟೇಪು ತೆಗೆದು ಸುತ್ತಿ ನೋಡಿದರು. "ನಾಲ್ಕು ಅಂಗುಲ," ಎಂದರು. ಮುಖ ಸ್ವಲ್ಪ ಅರಳಿತು, ತಕ್ಷಣ ಅದನ್ನು ತಿದ್ದಿಕೊಂಡರು. "ಏನೂ ಯೋಚ್ನೆ ಇಲ್ಲ. ಒಳಗೆ ಮಡಿಕೆ ಬಿಟ್ಟಿದ್ದೀನಿ, ಬಿಚ್ಚಿದ್ರೆ ಆಗುತ್ತೆ. ಬಿಚ್ಚಿ ಕೊಡಿ, ಕೂತ್ಕೊಳ್ಳಿ, ಹತ್ತೇ ನಿಮಿಷ." ಕತ್ತರಿಯನ್ನೂ ಕೈಗೆತ್ತಿಕೊಂಡರು.

ನಾನು ನನ್ನ ಹಳೇ ಪ್ಯಾಂಟು ಹಾಕಿಕೊಂಡು ಬಂದು ಫಾತಿಮಾ ಬೀಯ ಸ್ಟೂಲಿನ ಮೇಲೆ ಕೂತೆ. ಹೊಸದನ್ನು ಅವರ ಕೈಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡೆ.

"ಹತ್ತು ನಿಮಿಷದಲ್ಲಿ ಹೆಂಗಾಗುತ್ತೆ ಸಾಹೇಬ್ರೇ? ಸರಿಯಾಗಿ ಅಂದಾಜು ಮಾಡಿ. ನಾನು ಬರ್ಕೊತೀನಿ."

ಸಾಹೇಬರು ನನ್ನನ್ನು ನೋಡಿದರು. ಆಮೇಲೆ ಕತ್ತರಿಯನ್ನು ಕೆಳಗಿಟ್ಟು, ಟೀಗೆ ಹೇಳಿ ಬಂದು, ಪ್ಯಾಂಟನ್ನು ಮೇಜಿನ ಮೇಲೆ ಹರಡಿದರು. ಒಂದು ಹೊಲಿಗೆಗೆ ಎರಡು ಅಂಚು, ಇದಕ್ಕೊಂದು, ಅದಕ್ಕೊಂದು. ಮೇಲಿನ ಬಟ್ಟೆಗೆ ಬೇರೆ, ಲೈನಿಂಗಿಗೆ ಬೇರೆ, ಕ್ಯಾನ್ವಾಸಿಗೆ ಬೇರೆ. ಮುಂದೆ ನಾನು ಇನ್ನೂ ದಪ್ಪಗಾದರೆ ಇರಲೆಂದು ಕಾಲು ಭಾಗ ಮೇಲೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಟ್ಟು ಎಪ್ಪತ್ತೆರಡು ದಿನ ಬಂತು. ಗುಣಾಕಾರವನ್ನು ನಾನೇ ನೋಡಿದೆ, ಸರಿಯಿತ್ತು.